ಎತ್ತಪ್ಪ ಮಾವನನ್ನು ಹೊತ್ತ ಹದಿನಾರು ದಿನ

ನನ್ನ ಬಾಯಿ ಕೆಟ್ಟದ್ದು. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಟಿಕೆಟ್ ಕೌಂಟರಿನ ಚಿತ್ರಲಿಂಗಪ್ಪ ಎಂಥವನು ಅಂತ ಹೇಳುತ್ತಾರೆ. ಚಿಲ್ಲರೆ ಇಲ್ಲದೆ ಬಂದವರಿಗೆ, ರೈಲು ಹೊರಟ ಮೇಲೆ ಓಡಿ ಬಂದು ಟಿಕೆಟ್ ಕೇಳುವವರಿಗೆ ದಿನಕ್ಕೆ ಹತ್ತು ಸಲ ಬೈಯುತ್ತೇನೆ. ಅದರಿಂದ ಯಾರ ಜೀವವೂ ಹೋಗಿಲ್ಲ, ಒಬ್ಬರದನ್ನು ಬಿಟ್ಟು. ಆ ಒಬ್ಬ ನನ್ನ ಸೋದರಮಾವ, ನಮ್ಮವ್ವನ ಒಡಹುಟ್ಟಿದ ಅಣ್ಣ, ಕುರಿ ಎತ್ತಪ್ಪ.

ಮಾವ ಬಸ್ಸು ಹತ್ತಿದ್ದನ್ನು ನಾನು ನೋಡಿದ್ದು ಎರಡು ಮೂರು ಸಲ ಮಾತ್ರ. ಹೊಸದುರ್ಗದ ಸಂತೆಗೂ ನಡೆದೇ ಹೋಗುತ್ತಿದ್ದ, ಹೊಳಲ್ಕೆರೆಗೂ ನಡೆದೇ ಹೋಗುತ್ತಿದ್ದ. ಬೇಸಿಗೆ ಬಂತೆಂದರೆ ಕುರಿಮಂದೆ ಹೊಡೆದುಕೊಂಡು ಹಿರಿಯೂರು ಕಡೆ ಹೊರಡುವುದು, ಮಳೆ ಬಿದ್ದ ಮೇಲೆ ಜೋಗಿಮಟ್ಟಿ ತಪ್ಪಲು ಬಳಸಿಕೊಂಡು ವಾಪಸ್ಸು ಬರುವುದು. ಎತ್ತರದ ಆಳು, ಒಣಗಿದ ಮೈ, ದೊಡ್ಡ ಗಂಟಲು. ಸ್ಟೇಷನ್ನಿನ ಹತ್ತಿರ ಬಂದರೆ ಕಿಟಕಿಗೆ ಮುಖ ಒತ್ತಿ, ಸಾಲಿನಲ್ಲಿ ನಿಂತ ಜನರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ.

"ಏನಪ್ಪ ಸ್ಟೇಷನ್ ಮಾಸ್ತರ! ನಿನ್ನ ರೈಲು ನಮ್ಮ ಟಗರಿಗಿಂತ ಜೋರಾಗಿ ಓಡ್ತೈತಾ?"

ನಾನು ಸ್ಟೇಷನ್ ಮಾಸ್ತರನಲ್ಲ, ಬರೀ ಗುಮಾಸ್ತ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮುಖ ಕೆಂಪಾಗುವುದನ್ನು ನೋಡಬೇಕು ಅವನಿಗೆ, ಅಷ್ಟೆ.

ನಮ್ಮ ಹಟ್ಟಿಯಲ್ಲಿ ಒಂದು ನಡವಳಿಕೆ ಇದೆ. ಕುರಿಗೆ ಕಾಲು ಮುರಿಯಲಿ, ಗೊರಸಿಗೆ ಮುಳ್ಳು ಹೊಕ್ಕು ಕೀವಾಗಲಿ, ಅದನ್ನು ನಡೆಸುವುದಿಲ್ಲ. ಹೆಗಲ ಮೇಲೆ ಹಾಕಿಕೊಂಡು ಹೊರುತ್ತಾರೆ. ನೊಂದ ಕಾಲು ನೆಲಕ್ಕೆ ತಾಗಿದರೆ ಗಾಯ ಮೂಳೆಗೆ ಇಳಿಯುತ್ತದೆ ಅಂತ ನಂಬಿಕೆ. ಮಾವ ಒಮ್ಮೆ ಬೆಳೆದು ನಿಂತ ಕುರಿಯೊಂದನ್ನು ಹಿರಿಯೂರು ಸೀಮೆಯಿಂದ ಮೂರು ದಿನ ಹೊತ್ತು ತಂದಿದ್ದ. ಬಂದವನೇ ಮೊದಲು ಅದಕ್ಕೆ ನೀರು ಕುಡಿಸಿ, ಆಮೇಲೆ ತಾನು ಕುಡಿದ. ಹಟ್ಟಿಯಲ್ಲಿ ಅವನಿಗಿದ್ದ ಮರ್ಯಾದೆ ಇಂಥದ್ದರಿಂದ ಬಂದದ್ದು.

ತೊಂಬತ್ತೈದರಲ್ಲಿ ಅವನ ಬಲಗಾಲಿನ ಹೆಬ್ಬೆರಳ ಉಗುರಿನಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು. ಕಲ್ಲು ಎಡವಿದ್ದಾನೆ ಅಂದುಕೊಂಡೆವು. ಕುರಿ ಕಾಯುವವನ ಕಾಲು ಎಡವದೆ ಇನ್ಯಾರ ಕಾಲು ಎಡವಬೇಕು? ಆರು ತಿಂಗಳಲ್ಲಿ ಉಗುರೆಲ್ಲ ಕಪ್ಪಾಯಿತು. ಆಮೇಲೆ ಉಗುರೇ ಉದುರಿ, ಆ ಜಾಗದಲ್ಲಿ ಮಾಂಸ ಕಪ್ಪಗೆ ಉಬ್ಬಿ ರಕ್ತ ಜಿನುಗತೊಡಗಿತು. ಅವನ ಹೆಂಡತಿ ತಿಪ್ಪಮ್ಮತ್ತೆ ಅರಿಸಿನ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು. ನೋವು ಅಷ್ಟಾಗಿ ಇಲ್ಲದ್ದರಿಂದ ಮಾವ ಬಟ್ಟೆ ಸುತ್ತಿಕೊಂಡು ಕುರಿ ಹಿಂದೆ ಹೋಗುತ್ತಲೇ ಇದ್ದ. ಮುಂದಿನ ವರ್ಷ ಒಂದು ದಿನ ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರಂ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಬುದ್ಧಿ ಐತಾ ಮಾವ ನಿಂಗೆ? ಕುರಿಗೆ ಹುಳ ಬಿದ್ರೆ ಊರೂರು ಅಲೆದು ಔಷಧಿ ತರ್ತೀಯ. ನಿನ್ನ ಕಾಲೇ ಕೊಳೀತಾ ಐತಲ್ಲ!"

ಅವತ್ತೇ ಬಸ್ಸು ಹತ್ತಿಸಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಲಕ್ಷ್ಮೀಕಾಂತ್ ಬೆರಳನ್ನು ಬಹಳ ಹೊತ್ತು ನೋಡಿದರು. ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ನಮ್ಮನ್ನು ಕೂರಿಸಿಕೊಂಡು, ಇದು ಚರ್ಮದ ಕ್ಯಾನ್ಸರ್ ಅಂದರು.

ನಾನು ದಂಗಾಗಿ ಹೋದೆ. ಚರ್ಮಕ್ಕೆ ಕ್ಯಾನ್ಸರ್ ಬರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಬೀಡಿ ಸೇದಿದವರ ಎದೆಗೆ, ಹೊಗೆಸೊಪ್ಪು ಹಾಕಿದವರ ಬಾಯಿಗೆ ಬರುವ ರೋಗ ಅದು ಅಂದುಕೊಂಡಿದ್ದೆವು. ಕಾಲುಗುರಿನ ಕೆಳಗೆ ಬಂದು ಕೂರುತ್ತದೆಯೇ? ಬೆರಳು ತೆಗೆಯಬೇಕು, ತೊಡೆಸಂದಿನ ಗಂಟುಗಳನ್ನೂ ತೆಗೆದು ನೋಡಬೇಕು ಅಂತ ಡಾಕ್ಟರು ಹೇಳಿದರು. ಮಾವ ಕೇಳಿದ್ದು ಒಂದೇ ಮಾತು.

"ಬೆರಳು ಹೋದ್ರೆ ಹೋಗ್ಲಿ ಸಾಹೇಬ್ರೆ. ಕುರಿ ಹಿಂದೆ ನಡೆಯಾಕೆ ಆಗ್ತೈತೇನ್ರಿ?"

"ಸ್ವಲ್ಪ ಕುಂಟು ಬರಬಹುದು ಯಜಮಾನ್ರೆ. ಆದ್ರೆ ನಡೀತೀರಿ."

"ಅಂಗಾದ್ರೆ ಕೊಯ್ರಿ."

ಆಪರೇಷನ್ ಚೆನ್ನಾಗಿ ಆಯಿತು. ಮೂರನೆಯ ದಿನ ಬೆಳಗ್ಗೆ ಶೋಭಾರಾಣಿ ಅನ್ನುವ ನರ್ಸ್ ಒಂದು ವಾಕರ್ ತಳ್ಳಿಕೊಂಡು ಬಂದಳು. ಸಣ್ಣ ಮೈಯ, ಚುರುಕಿನ ಹುಡುಗಿ. ಒಬ್ಬಳೇ ನಲವತ್ತು ಮಂಚ ನೋಡಿಕೊಳ್ಳುತ್ತಿದ್ದಳು.

"ಏಳ್ರಿ ಯಜಮಾನ್ರೆ. ಹಿಮ್ಮಡಿ ಊರಿ, ಇದನ್ನ ಹಿಡ್ಕಂಡು ನಾಕು ಹೆಜ್ಜೆ ಹಾಕ್ರಿ."

ತಿಪ್ಪಮ್ಮತ್ತೆ ಮಂಚಕ್ಕೆ ಅಡ್ಡ ನಿಂತಳು. "ಏನವ್ವ, ಮೊನ್ನೆ ಇನ್ನ ಬೆರಳು ಕಡದಾರೆ, ಇವತ್ತು ನಡಿ ಅಂತೀಯಲ್ಲ! ನಾವು ಕುರಿನೂ ಹಿಂಗೆ ನಡಸಲ್ಲ."

"ಡಾಕ್ಟ್ರು ಹೇಳಿದಾರಮ್ಮ. ಮಲಗೇ ಇರಬಾರದು."

ಆಗ ಬಾಯಿ ಹಾಕಿದವನು ನಾನು. ಎಸ್ಸೆಸ್ಸೆಲ್ಸಿ ಪಾಸಾದವನು, ಸರ್ಕಾರಿ ನೌಕರ, ನಮ್ಮ ಕಡೆಯ ದೊಡ್ಡ ಮನುಷ್ಯ. "ಏನ್ರಿ ಸಿಸ್ಟರ್, ನಿಮ್ಮಪ್ಪ ಆಗಿದ್ರೆ ಹಿಂಗೇ ಎಬ್ಬಿಸ್ತಿದ್ರೇನ್ರಿ? ಬೆಡ್‌ಪ್ಯಾನ್ ಎತ್ತೋ ಕೆಲಸ ತಪ್ಪುತ್ತೆ ಅಂತ ತಾನೆ ಇದೆಲ್ಲ?"

ವಾರ್ಡಿನ ಜನವೆಲ್ಲ ತಿರುಗಿ ನೋಡಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ವಾಕರನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ನಮ್ಮವರೆಲ್ಲ ನನ್ನನ್ನು ಮೆಚ್ಚಿಕೊಂಡು ನೋಡಿದರು, ಅದನ್ನೂ ಹೇಳಿಬಿಡುತ್ತೇನೆ.

ಸಂಜೆ ಡಾಕ್ಟರು ನನ್ನೊಬ್ಬನನ್ನೇ ಕೋಣೆಗೆ ಕರೆಸಿದರು. ಬೈಯಲಿಲ್ಲ. ನಿಧಾನವಾಗಿ ಹೇಳಿದರು.

"ನೋಡಪ್ಪ, ಕ್ಯಾನ್ಸರ್ ಇರೋರ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಅದರ ಮೇಲೆ ಆಪರೇಷನ್ ಆಗಿದೆ. ಅದರ ಮೇಲೆ ಮಲಗಿದಲ್ಲೇ ಮಲಗಿದ್ರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತೆ. ಅದು ಕಿತ್ಕೊಂಡು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಂಡ್ರೆ ಮನುಷ್ಯ ನಿಂತಲ್ಲೇ ಹೋಗಬಹುದು. ನಡೆಸ್ರಿ. ಮೀನಖಂಡ ಬಾತ್ರೆ, ನೋವು ಅಂದ್ರೆ ತಕ್ಷಣ ಹೇಳ್ರಿ. ನೀವು ಓದಿದವರು, ಮನೆಯವರಿಗೆಲ್ಲ ತಿಳಿಸಿ ಹೇಳ್ರಿ."

"ಆಯ್ತು ಸಾರ್" ಅಂದೆ. ಆ ನರ್ಸು ಚಾಡಿ ಹೇಳಿದ್ದಾಳೆ, ಇವರು ನನ್ನನ್ನು ಹೆದರಿಸುತ್ತಿದ್ದಾರೆ ಅಂತ ಮನಸ್ಸಿನಲ್ಲಿ. ಬೆರಳಿಗೆ ಬಂದ ರೋಗಕ್ಕೂ ಉಸಿರಿಗೂ ಏನು ಸಂಬಂಧ? ಮಂಚದ ಹತ್ತಿರ ವಾಪಸ್ಸು ಬಂದಾಗ ಅತ್ತೆ ಕೇಳಿದಳು, "ಏನಂತೋ ಲಿಂಗ?"

"ಏನಿಲ್ಲ ಬಿಡತ್ತೆ. ಹುಷಾರಾಗಿ ನೋಡ್ಕಳ್ರಿ ಅಂದ್ರು."

ಅಷ್ಟೇ ಹೇಳಿದೆ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ.

ಆಪರೇಷನ್ ಆದ ದಿನದಿಂದ ಹೊರುತ್ತಿದ್ದದ್ದು ಹಾಗೇ ಮುಂದುವರಿಯಿತು. ಮಾವನ ಮಗ ದಾಸಣ್ಣ ಒಂದು ಕಡೆ, ಅವನ ತಮ್ಮ ಇನ್ನೊಂದು ಕಡೆ, ಕೈಗೆ ಕೈ ಹೆಣೆದು ಅದರ ಮೇಲೆ ಮಾವನನ್ನು ಕೂರಿಸಿಕೊಂಡು ಹೋಗುವುದು. ಕಕ್ಕಸಿಗೆ ಹಾಗೇ, ಸ್ನಾನಕ್ಕೆ ಹಾಗೇ, ಅಂಗಳದ ಬೇವಿನ ಮರದ ಕೆಳಗೆ ಬಿಸಿಲು ಕಾಯುವುದಕ್ಕೂ ಹಾಗೇ. ರಜಾ ಸಿಕ್ಕ ದಿನ ನಾನೂ ಹೆಗಲು ಕೊಡುತ್ತಿದ್ದೆ. ಮಾವನಿಗೆ ಮೊದಮೊದಲು ನಾಚಿಕೆ. ಆಮೇಲೆ ಅವನಿಗೂ ಅದು ಮೋಜಾಯಿತು.

"ಲೇ, ಮೆಲ್ಲಕ್ಕೆ! ಮದುವೆ ದಿನಾನೂ ನನ್ನ ಯಾರೂ ಹಿಂಗೆ ಮೆರೆಸಿರಲಿಲ್ಲ ಕಣ್ರಲೇ."

ಪಕ್ಕದ ಮಂಚದವರು ಮಕ್ಕಳೆಂದರೆ ಹೀಗಿರಬೇಕು ಅನ್ನುತ್ತಿದ್ದರು. ನಾವು ಉಬ್ಬಿಹೋದೆವು. ಡಾಕ್ಟರು ವಾರ್ಡಿಗೆ ಬರುವ ಹೊತ್ತಿಗೆ ದಾಸಣ್ಣ ಬಾಗಿಲಲ್ಲಿ ನಿಂತು ಸನ್ನೆ ಮಾಡುವುದು, ನಾವು ಗಡಿಬಿಡಿಯಲ್ಲಿ ಮಾವನನ್ನು ಮಂಚದ ಅಂಚಿಗೆ ಕೂರಿಸಿ ಕೈಗೆ ವಾಕರ್ ಕೊಡುವುದು. "ನಡೆದ್ರಾ?" ಅಂತ ಡಾಕ್ಟರು. "ಬೆಳಗ್ಗೆಯಿಂದ ಮೂರು ಸುತ್ತು ಸಾರ್" ಅಂತ ನಾನು. ಶೋಭಾರಾಣಿಯೂ ದಿನಾ ಕೇಳುತ್ತಿದ್ದಳು, ಅವಳಿಗೂ ಅದೇ ಉತ್ತರ. ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಮಾವ ಆ ಹೊತ್ತಿಗೆ ಸೂರು ನೋಡುತ್ತಿದ್ದ. ಅವರು ಹೋದ ಮೇಲೆ ನಾವೆಲ್ಲ ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದೆವು. ಥೂ, ಆ ನಗು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಮಾವ ಮೀನಖಂಡ ಬಿಗಿದ ಹಾಗಿದೆ ಅಂದ. ನಾನು ಅಲ್ಲೇ ಇದ್ದೆ. ಕಂಬಳಿ ಸರಿಸಿ ನೋಡಿದರೆ ಬಲಗಾಲು ಎಡಗಾಲಿಗಿಂತ ದಪ್ಪಗಿತ್ತು. ಡಾಕ್ಟರ ಮಾತು ನೆನಪಾಯಿತೇ ಅಂತ ಕೇಳಿದರೆ, ಆಯಿತು. ನೆನಪಾಗಲಿಲ್ಲ ಅಂತ ಹೇಳುವಷ್ಟು ನೀಚ ನಾನಲ್ಲ. ಆದರೆ ಹೇಳಿದರೆ ನಡೆಸಿಲ್ಲ ಅನ್ನುವುದು ಹೊರಬೀಳುತ್ತದೆ, ಆ ಹುಡುಗಿಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

"ಕೊಯ್ದ ಕಾಲು ಬಾಯದೆ ಇರ್ತೈತಾ? ದಿಂಬಿನ ಮೇಲೆ ಎತ್ತರಕ್ಕೆ ಇಡ್ರಿ" ಅಂದೆ.

ಅತ್ತೆ ದಿಂಬು ಇಟ್ಟು ಕಂಬಳಿ ಹೊದಿಸಿದಳು. ಹೆಂಗಸರ ಮುಂದೆ ತೊಡೆ ತೋರಿಸಲು ಮಾವನಿಗೂ ಸಂಕೋಚ. ಶೋಭಾರಾಣಿ ಪಾದದ ಪಟ್ಟಿ ಬದಲಿಸುವಾಗ ಹಿಮ್ಮಡಿಯವರೆಗೆ ಕಂಬಳಿ ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದ.

ಹದಿನಾರನೆಯ ದಿನ ಬೆಳಗ್ಗೆ ಡಾಕ್ಟರು ನಗುತ್ತ ಬಂದರು. ಪರೀಕ್ಷೆಯ ವರದಿ ಬಂದಿತ್ತು. ಬೆರಳಿನ ಅಂಚಿನಲ್ಲಿ ರೋಗ ಉಳಿದಿಲ್ಲ, ತೊಡೆಸಂದಿನ ಗಂಟುಗಳಲ್ಲೂ ಇಲ್ಲ. "ಯಜಮಾನ್ರೆ, ಇವತ್ತು ಮನೆಗೆ ಹೋಗ್ರಿ. ಆಗಾಗ ಬಂದು ತೋರಿಸ್ಕಂಡು ಹೋಗ್ರಿ, ಮರೀಬ್ಯಾಡ್ರಿ" ಅಂದರು. ಅತ್ತೆ ಡಾಕ್ಟರ ಕಾಲಿಗೆ ಬೀಳಲು ಹೋದಳು. ದಾಸಣ್ಣ ಗಂಡಸಾದರೂ ಎಲ್ಲರ ಮುಂದೆ ಅತ್ತ. ನನಗೆ ಎದೆಯಿಂದ ಬಂಡೆ ಇಳಿಸಿದ ಹಾಗಾಯಿತು.

ಚೀಲಗಳೆಲ್ಲ ಕಟ್ಟಿ ಆದ ಮೇಲೆ ಹುಡುಗರು ಮಾವನನ್ನು ಹೊರಲು ಕೈ ಹೆಣೆದರು. ಮಾವ ತಳ್ಳಿದ.

"ಸಾಕು ಬಿಡ್ರಲೇ. ಬಾಗಿಲ ತನಕ ನಾನೇ ನಡೀತೀನಿ. ಎತ್ತಪ್ಪ ಹೊರಿಸ್ಕಂಡು ಬಂದ ಅಂತ ಊರೋರು ಆಡ್ಕಬಾರದು."

ವಾಕರನ್ನೂ ಮುಟ್ಟಲಿಲ್ಲ. ಹಿಮ್ಮಡಿ ಊರಿ ಎದ್ದ. ಒಂದು ಹೆಜ್ಜೆ, ಎರಡು, ಮೂರು. ನನ್ನ ಕಡೆ ತಿರುಗಿ, "ಏನಪ್ಪ ಸ್ಟೇಷನ್ ಮಾಸ್ತರ, ಹೋಗಾಣೇನೋ" ಅಂದ. ನಾಲ್ಕನೆಯ ಹೆಜ್ಜೆ ಎತ್ತಿದವನು ಇಡಲಿಲ್ಲ. ಕೈ ಎದೆಗೆ ಹೋಯಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತು. "ಲಿಂಗ, ಉಸ್ರು... ಉಸ್ರು ಸಿಗ್ತಿಲ್ಲ ಕಣೋ" ಅಂದ. ನಾನು ಹಿಡಿದುಕೊಳ್ಳುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ.

ಶೋಭಾರಾಣಿ ಓಡಿ ಬಂದಳು. ಡಾಕ್ಟರು ಓಡಿ ಬಂದರು. ಎದೆ ಒತ್ತಿದರು, ಆಕ್ಸಿಜನ್ ಹಾಕಿದರು, ಸೂಜಿ ಚುಚ್ಚಿದರು. ಅರ್ಧ ಗಂಟೆ ಆ ಹುಡುಗಿ ಮೊಣಕಾಲೂರಿ ಕೂತು ಬೆವರು ಸುರಿಸಿಕೊಂಡು ಅವನ ಎದೆ ಒತ್ತುತ್ತಲೇ ಇದ್ದಳು. ಮಾವ ಹೋಗಿಬಿಟ್ಟಿದ್ದ. ರೋಗ ವಾಸಿಯಾಯಿತು ಅಂತ ಕೇಳಿ ಎರಡು ಗಂಟೆ ಆಗಿರಲಿಲ್ಲ. ಅತ್ತೆ ಅಳಲೂ ಇಲ್ಲ. ಕಟ್ಟಿದ ಚೀಲ ಕೈಯಲ್ಲೇ ಹಿಡಿದು, "ಯಾಕೆ ಮಲಗ್ದ? ಈಗ ನಡೀತಿದ್ದನಲ್ಲ, ಯಾಕೆ ಮಲಗ್ದ?" ಅಂತ ಎಲ್ಲರನ್ನೂ ಕೇಳುತ್ತಿದ್ದಳು.

ಡಾಕ್ಟರು ಹೆಣದ ಬಲಗಾಲಿನ ಪಂಚೆ ಸರಿಸಿ ನೋಡಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಿಜ ಹೇಳ್ರಿ. ಎಷ್ಟು ದಿನ ನಡೆದಿದ್ರು?"

ಒಂದು ದಿನವೂ ಇಲ್ಲ ಅಂದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕ್ಯಾನ್ಸರ್ ಹೋಗಿತ್ತಲ್ರೀ" ಅಂದರು. "ಅವರು ಎದ್ದು ನಿಂತ ಕೂಡಲೆ ಕಾಲಲ್ಲಿ ಕಟ್ಟಿದ ರಕ್ತ ಮೇಲೆ ಹೋಗಿದೆ." ನನಗೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹೊರಗೆ ಬಂದಾಗ ಅತ್ತೆ ನನ್ನ ಅಂಗಿ ಹಿಡಿದುಕೊಂಡಳು. "ಏನಂತೋ? ಯಾತಕ್ಕೆ ಹೋದ್ನಂತೆ?" ದಾಸಣ್ಣನೂ ಅವನ ತಮ್ಮನೂ ಅಲ್ಲೇ ನಿಂತಿದ್ದರು. ಹದಿನಾರು ದಿನ ಹೊತ್ತ ಆ ಕೈಗಳನ್ನು ನೋಡಿ ನನಗೆ ಹೇಳಲಾಗಲಿಲ್ಲ. "ಆ ರೋಗಾನೇ ಅತ್ತೆ. ಒಳಗೆಲ್ಲ ಹರಡಿತ್ತಂತೆ" ಅಂದುಬಿಟ್ಟೆ.

ಅವರಿಗೋಸ್ಕರ ಸುಳ್ಳು ಹೇಳಿದೆ ಅಂತ ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನಗೋಸ್ಕರ ಹೇಳಿದ್ದು ಅದು. ತಿಥಿಗೆ ಬಂದ ನೆಂಟರ ಮುಂದೆ, ಮದುವೆ ಮನೆಗಳಲ್ಲಿ, ಸಂತೆಯಲ್ಲಿ ಸಿಕ್ಕವರ ಮುಂದೆ ಅತ್ತೆ ಹೇಳಿಕೊಳ್ಳುತ್ತಿದ್ದಳು: "ನಮ್ಮ ಹಣೇಲಿ ಇರ್ಲಿಲ್ಲ. ಆದ್ರೆ ಹದಿನಾರು ದಿನ ನನ್ನ ಮಕ್ಕಳು ಅವನ ಕಾಲು ನೆಲಕ್ಕೆ ತಾಗಿಸ್ಲಿಲ್ಲ ಕಣ್ರವ್ವ." ಅವಳ ದುಃಖಕ್ಕೆ ಅದೊಂದೇ ಆಸರೆ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಐದು ವರ್ಷ ಹೀಗೇ ಕಳೆಯಿತು. ಎರಡು ಸಾವಿರದ ಒಂದರಲ್ಲಿ ನಮ್ಮವ್ವ ಬೋರಕ್ಕನ ಕಾಲಿನಲ್ಲಿ ಒಂದು ಹುಣ್ಣು ಎದ್ದಿತು. ಹೊಸದಾಗಿ ಮದುವೆಯಾದಾಗ ಕುದಿಯುವ ಎಸರು ಬಿದ್ದು ಅವಳ ಮೊಣಕಾಲ ಕೆಳಗೆ ದೊಡ್ಡ ಸುಟ್ಟ ಕಲೆಯಿತ್ತು. ಆ ಹಳೆಯ ಕಲೆಯೇ ಒಡೆದು ಹೂಕೋಸಿನ ಹಾಗೆ ಹುಣ್ಣು ಬೆಳೆಯಿತು. ಅದೇ ಡಾಕ್ಟರ ಹತ್ತಿರ ಕರೆದೊಯ್ದೆ. ಪರೀಕ್ಷೆ ಮಾಡಿಸಿ, ಇದೂ ಚರ್ಮದ ಕ್ಯಾನ್ಸರೇ, ಮಾವನದ್ದಕ್ಕಿಂತ ಬೇರೆ ಜಾತಿಯದು, ಈಗ ಕೊಯ್ದರೆ ಕಾಲೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ ಅಂದರು. ಅವ್ವ ಖಡಾಖಂಡಿತ ಒಲ್ಲೆ ಅಂದಳು.

"ನಮ್ಮಣ್ಣನ್ನ ಕೊಯ್ಸಿ ಏನಾಯ್ತು? ಹುಲಿಯಂಗಿದ್ದೋನು ಹದಿನಾರೇ ದಿನಕ್ಕೆ ಹೋದ. ನಾನು ಮನೇಲೇ ಸಾಯ್ತೀನಿ, ಬಿಡು."

ಒಂದು ತಿಂಗಳು ಬೇಡಿಕೊಂಡೆ, ಬೈದೆ, ಉಪವಾಸ ಕೂತೆ. ಹುಣ್ಣು ಅಂಗೈ ಅಗಲ ಆಯಿತು. ಕೊನೆಗೆ ಅತ್ತೆಯಾದರೂ ಬುದ್ಧಿ ಹೇಳಲಿ ಅಂತ ಅವ್ವನನ್ನು ಮಾವನ ಮನೆಗೆ ಕರೆದುಕೊಂಡು ಹೋದೆ. ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಕೇಳಿ, ನಿಟ್ಟುಸಿರು ಬಿಟ್ಟು, ಅವ್ವನ ಪರವಾಗಿಯೇ ಮಾತಾಡಿದಳು.

"ಒತ್ತಾಯ ಮಾಡಬ್ಯಾಡ ಲಿಂಗ. ನಾವು ಅಂಗೈಯಾಗೆ ಇಟ್ಕಂಡು ನೋಡ್ಕಂಡ್ವಿ, ಹದಿನಾರು ದಿನ ನೆಲ ಮುಟ್ಟಿಸ್ಲಿಲ್ಲ. ಆದ್ರೂ ಆ ರೋಗ ಬಿಡ್ಲಿಲ್ಲ. ಇವಳ್ನೂ ಯಾಕೆ ಕೊಯ್ಸಿ ನೋಯಿಸ್ತೀಯ?"

ನನಗೆ ಏನಾಯಿತೋ ಗೊತ್ತಿಲ್ಲ. ಕೌಂಟರಿನಲ್ಲಿ ಕಿರುಚುವ ಹಾಗೆ ಕಿರುಚಿಬಿಟ್ಟೆ.

"ರೋಗ ಬಿಟ್ಟಿತ್ತು ಅತ್ತೆ! ಆಪರೇಷನ್ ಸರಿಯಾಗಿ ಆಗಿತ್ತು. ನೆಲ ಮುಟ್ಟಿಸ್ಲಿಲ್ಲ ಅಂತಲೇ ಮಾವ ಸತ್ತಿದ್ದು. ನಡಸದೆ ಇದ್ದಿದ್ದಕ್ಕೆ ಕಾಲಾಗೆ ರಕ್ತ ಹೆಪ್ಪುಗಟ್ಟಿತ್ತು, ಅದು ಹೋಗಿ ಉಸ್ರು ನಿಲ್ಲಿಸ್ತು. ಹರಡಿತ್ತು ಅಂದಿದ್ದು ನಾನು ಹೇಳಿದ ಸುಳ್ಳು."

ಅತ್ತೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಅವ್ವ ಬಾಯಿ ತೆರೆದು ನನ್ನನ್ನೇ ನೋಡಿದಳು. ಅತ್ತೆ ಕಾಯಿಯನ್ನು ಮೊರಕ್ಕೆ ಹಾಕಿ ಕೇಳಿದಳು.

"ಡಾಕ್ಟ್ರು ನಿಂಗೆ ಯಾವಾಗ ಹೇಳಿದ್ರು ಇದನ್ನ?"

ಸತ್ತ ಮೇಲೆ ಹೇಳಿದರು ಅಂತ ಹೇಳಿ ಪಾರಾಗಬಹುದಿತ್ತು. ಆಗಲಿಲ್ಲ.

"ಮೊದ್ಲೇ. ಮೂರನೇ ದಿನಾನೇ."

ಅತ್ತೆ ಮೊರ ಪಕ್ಕಕ್ಕೆ ಸರಿಸಿ ಎದ್ದು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. "ಐದು ವರ್ಷ ನಾನು ಊರೂರಿಗೆಲ್ಲ ಹೇಳ್ಕಂಡು ತಿರುಗಿದ್ನಲ್ಲೋ" ಅಂದಳು. "ನೀನು ಕೇಳ್ತಾ ಕುಂತಿದ್ಯಲ್ಲೋ, ಅಯ್ಯೋ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಸಂಜೆಯವರೆಗೆ ಕೂತಿದ್ದರೂ ತೆಗೆಯಲಿಲ್ಲ. ದಾರಿಯಲ್ಲಿ ಅವ್ವ ಒಂದೇ ಮಾತಾಡಿದಳು: "ಯಾವತ್ತು ಬರಾಕೆ ಹೇಳಿದಾರೆ ಡಾಕ್ಟ್ರು?"

ಅವ್ವನ ಹುಣ್ಣು ಕೊಯ್ದು, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಹೊಸ ಚರ್ಮ ಕೂತುಕೊಳ್ಳುವವರೆಗೆ ಪಾದ ಆಡಿಸುವುದಷ್ಟೇ. ಆರನೆಯ ದಿನ ಶೋಭಾರಾಣಿ ಬಂದು, ಇವತ್ತಿನಿಂದ ನಡೆಸಬೇಕು ಅಂದಳು. ಈಗ ಅವಳೇ ವಾರ್ಡಿನ ಹಿರಿಯ ನರ್ಸು. ನನ್ನ ಗುರುತು ಹಿಡಿದಿದ್ದಳು, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವ್ವ ಎದ್ದು ನಿಲ್ಲಲು ಹೆದರಿ ಮಂಚದ ಕಂಬಿ ಹಿಡಿದು ಕೂತುಬಿಟ್ಟಳು. ನಾನು ಗದರಿಸಬೇಕು ಅನ್ನುವಾಗ ಬಾಗಿಲಲ್ಲಿ ತಿಪ್ಪಮ್ಮತ್ತೆ ಕಾಣಿಸಿದಳು. ಹಟ್ಟಿಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ. ಇವತ್ತಿಗೂ ನೋಡುವುದಿಲ್ಲ.

ನೇರ ಮಂಚಕ್ಕೆ ಹೋಗಿ ಅವ್ವನ ತೋಳು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಏಳು ಬೋರಿ."

"ನೋಯ್ತೈತೆ ಅತ್ತಿಗೆ, ಬಿಡೇ."

"ನೋಯ್ಲಿ. ನಡಿ."

ವಾರ್ಡಿನ ಆ ತುದಿಗೆ ಹೋದರು, ಈ ತುದಿಗೆ ಬಂದರು. ಅವ್ವ ನರಳುತ್ತಿದ್ದಳು. ಅತ್ತೆಯ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಶೋಭಾರಾಣಿ ಹತ್ತಿರ ಬಂದು, "ಮೊದಲನೇ ದಿನ ಇಷ್ಟು ಸಾಕಮ್ಮ, ಕೂರಿಸ್ರಿ" ಅಂದಳು.

ಅತ್ತೆ ನಿಂತು ಅವಳ ಮುಖ ನೋಡಿದಳು. "ಅವತ್ತು ನೀನು ಹೇಳ್ದಾಗ ನಾನೇ ಅಡ್ಡ ನಿಂತೆ ಕಣವ್ವ" ಅಂದಳು. "ಇನ್ನೊಂದು ಸುತ್ತು ನಡಸ್ತೀನಿ."